ಎಲೆಯ ಬಾಗಿಲು

"ಏನ್ ಕಾಣ್ತದೆ ಹೇಳೇ," ಎಂದು ಗಗನ ಧನುಶ್ರೀಯ ಜಡೆ ಹಿಡಿದು ಮೆಲ್ಲಗೆ ಎಳೆದಳು.

ಧನುಶ್ರೀ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಹತ್ತನೇ ತರಗತಿಯ ಸಾಲು ಬಾಗಿಲ ತನಕ ಬೆಳೆದಿತ್ತು. ಶಾಲೆಗೆ ಇದ್ದದ್ದು ಅದೊಂದೇ ಸೂಕ್ಷ್ಮದರ್ಶಕ. ವಿಜ್ಞಾನದ ಪ್ರೇಮಲೀಲಾ ಮಿಸ್ ಅದನ್ನು ಬೀರುವಿನಿಂದ ಹಸುಗೂಸಿನ ಹಾಗೆ ಎತ್ತಿಕೊಂಡು ಬಂದು ಕಿಟಕಿಯ ಬೆಳಕಿಗೆ ಇಟ್ಟಿದ್ದರು. ಅಂಗಳದ ಕುಂಡದ ಗಿಡದಿಂದ ಒಂದು ಎಲೆ ಮುರಿದು, ಅದರ ನೇರಳೆ ಬಣ್ಣದ ಅಡಿಯಿಂದ ಈರುಳ್ಳಿಯ ಪೊರೆಯಂಥ ತೆಳು ಸಿಪ್ಪೆ ಸುಲಿದು ಗಾಜಿನ ಮೇಲೆ ಹರಡಿದ್ದರು.

"ತುಟಿ ಇದ್ದಂಗಿದೆ ಕಣೇ. ಎಲ್ಲಾ ಕಡೆ ಪುಟ್ಟ ಪುಟ್ಟ ತುಟಿ."

"ಮುಚ್ಚಿರೋದೋ, ತೆಗ್ದಿರೋದೋ?"

"ಒಂಚೂರು ತೆಗ್ದಿರೋದು. ಎರಡು ಗೋಡಂಬಿ ಎದುರುಬದುರು ಇಟ್ಟಂಗೆ. ಮಧ್ಯ ಸಂದು."

ಗೋಡಂಬಿ ಎಂದ ಮೇಲೆ ಗಗನಳಿಗೆ ಆಕಾರ ಸಿಕ್ಕಿತು. ಹಬ್ಬದ ಪಾಯಸದಲ್ಲಿ ಬಾಯಿಗೆ ಬಂದ ಗೋಡಂಬಿಯನ್ನು ಅಗಿಯುವ ಮೊದಲು ನಾಲಿಗೆಯಲ್ಲಿ ತಿರುಗಿಸಿ ಅದರ ಬಾಗು ನೋಡುವುದು ಅವಳ ಅಭ್ಯಾಸ. ಎರಡು ತೋರುಬೆರಳು ಬಾಗಿಸಿ ಗಾಳಿಯಲ್ಲಿ ಎದುರುಬದುರು ಹಿಡಿದುಕೊಂಡಳು.

ಗಗನಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಬೆಳಕಿದೆಯೋ ಕತ್ತಲೆಯೋ ಎಂಬುದಷ್ಟೇ ತಿಳಿಯುತ್ತಿತ್ತು. ಏಳನೆಯ ತರಗತಿಯವರೆಗೆ ಕಣ್ಣು ಕಾಣದ ಮಕ್ಕಳ ಹಾಸ್ಟೆಲಿನಲ್ಲಿದ್ದು ಬ್ರೈಲ್ ಕಲಿತು, ಆಮೇಲೆ ಮನೆಯ ಹತ್ತಿರದ ಸರ್ಕಾರಿ ಪ್ರೌಢಶಾಲೆಗೇ ಹೋಗುತ್ತೇನೆ ಎಂದು ಹಟ ಹಿಡಿದು ಬಂದವಳು. ಅವಳ ದಪ್ಪ ಬ್ರೈಲ್ ಪುಸ್ತಕದಲ್ಲಿ ಪಾಠವೆಲ್ಲ ಇತ್ತು. ಚಿತ್ರ ಬರುವ ಜಾಗದಲ್ಲಿ ಮಾತ್ರ 'ಚಿತ್ರ ನೋಡಿ' ಎಂಬ ಚುಕ್ಕಿಗಳಿದ್ದವು. ಅದರ ಕೆಳಗೆ ಬೆರಳಾಡಿಸಿದರೆ ನುಣ್ಣನೆಯ ಕಾಗದ.

ಸಾಲು ಮುಗಿದ ಮೇಲೆ ಪ್ರೇಮಲೀಲಾ ಮಿಸ್ ಹಲಗೆಯ ಹತ್ತಿರ ಹೋದರು. "ನೀವು ನೋಡಿದ್ದು ಪತ್ರರಂಧ್ರ. ಎಲೆ ಉಸಿರಾಡೋ ಬಾಗಿಲು. ಅದರ ಅಕ್ಕಪಕ್ಕ ಇರೋವು ಕಾವಲು ಜೀವಕೋಶ. ಅವುಗಳ ಒಳಗೆ ನೀರು ಬಂದಾಗ ಊದಿಕೊಳ್ಳುತ್ತವೆ, ರಂಧ್ರ ತೆರೆಯುತ್ತೆ. ನೀರು ಹೋದಾಗ ಕುಗ್ಗುತ್ತವೆ, ರಂಧ್ರ ಮುಚ್ಚುತ್ತೆ. ಬರ್ಕೊಳ್ಳಿ."

ಗಗನ ಎದ್ದು ನಿಂತಳು. "ಮಿಸ್, ಅದೆಂಗಾಗ್ತದೆ?"

"ಯಾವುದು?"

"ಊದ್ಕೊಂಡ್ರೆ ಸಂದು ಮುಚ್ಚೋಗ್ಬೇಕಲ್ವಾ? ನಮ್ಮಂಗಡೀಲಿ ಎರಡು ಟ್ಯೂಬು ಪಕ್ಕಪಕ್ಕ ಇಟ್ಟು ಗಾಳಿ ಹೊಡೆದ್ರೆ ಒಂದುಕ್ಕೊಂದು ಒತ್ಕೊಂಡ್ಬುಡ್ತವೆ. ಮಧ್ಯ ಬೆರಳೂ ತೂರಲ್ಲ. ಇದು ಎಂಗೆ ತೆಗೆದುಕೊಳ್ತದೆ?"

ಹಿಂದಿನ ಬೆಂಚಿನಿಂದ ಯಾರೋ "ಪಂಚರ್ರು" ಎಂದು ನಕ್ಕರು. ಮಿಸ್ ನಗಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಇತ್ತು.

"ಒಳಗಿನ ಗೋಡೆ ದಪ್ಪ, ಹೊರಗಿನ ಗೋಡೆ ತೆಳು. ಅದಕ್ಕೇ ಬಾಗುತ್ತೆ."

"ದಪ್ಪ ಇದ್ರೆ ಯಾಕೆ ಬಾಗ್ಬೇಕು ಮಿಸ್?"

ಗಂಟೆ ಹೊಡೆಯಿತು. ಮಕ್ಕಳು ಗದ್ದಲ ಮಾಡಿಕೊಂಡು ಹೊರಬಿದ್ದರು. ಪ್ರೇಮಲೀಲಾ ಮಿಸ್ ಗಗನಳ ಬೆಂಚಿನ ಹತ್ತಿರ ಬಂದು, "ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರ್ಲಿಲ್ಲ ಕಣಮ್ಮ," ಎಂದರು. ಅವರ ದನಿಯಲ್ಲಿ ಖುಷಿಯಿತ್ತು. "ಓದಿ ಹೇಳ್ತೀನಿ. ನೀನೂ ಬಿಡಬೇಡ."

ಅದೇ ಹೊತ್ತಿಗೆ ಗಗನಳ ಅಪ್ಪ ಮರಿಸ್ವಾಮಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುರ್ಚಿಯ ಅಂಚಿಗೆ ಕೂತಿದ್ದ. ಹಿನಕಲ್‌ನಲ್ಲಿ ರಸ್ತೆಯ ಪಕ್ಕ ಅವನದೊಂದು ಪಂಚರ್ ಅಂಗಡಿ. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಡಾವಣೆ ಎದ್ದಿತ್ತು. ಮರಿಸ್ವಾಮಿ ಅದೇ ಬಡಾವಣೆಯ ಸೈಕಲ್ಲು, ಸ್ಕೂಟರುಗಳಿಗೆ ಗಾಳಿ ತುಂಬುತ್ತಿದ್ದ. ಶಾಲೆಯಿಂದ ಕರೆ ಬಂದಿದೆ ಎಂದು ಕೈ ತೊಳೆದು, ಒಗೆದ ಶರ್ಟು ಹಾಕಿಕೊಂಡು ಬಂದಿದ್ದ.

ಮುಖ್ಯೋಪಾಧ್ಯಾಯರಾದ ಕುಮಾರಸ್ವಾಮಿ ಸಾರ್ ಕೆಟ್ಟವರಲ್ಲ. ಗಗನಳನ್ನು ಶಾಲೆಗೆ ಸೇರಿಸಿಕೊಳ್ಳಲು ಬೇರೆ ಕಡೆ ಹಿಂದೆಮುಂದೆ ನೋಡಿದಾಗ ತಾವೇ ಕರೆದು ಸೇರಿಸಿಕೊಂಡವರು. ಈಗಲೂ ಮೆಲುದನಿಯಲ್ಲೇ ಮಾತಾಡಿದರು.

"ನೋಡಿ ಮರಿಸ್ವಾಮಿ, ನಿಮ್ಮ ಮಗಳು ಜಾಣೆ. ಲೆಕ್ಕ ಹೆಂಗೋ ಬಾಯಲ್ಲೇ ಮಾಡಿಬಿಡ್ತಾಳೆ. ಆದ್ರೆ ಸೈನ್ಸ್ ಅಂದ್ರೆ ಚಿತ್ರ, ಪ್ರಯೋಗ. ಇಂಥ ಮಕ್ಕಳಿಗೆ ಅದರ ಬದಲು ಬೇರೆ ವಿಷಯ ತಗೊಳ್ಳೋಕೆ ಸರ್ಕಾರವೇ ಅವಕಾಶ ಕೊಟ್ಟಿದೆ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಯಾವುದಾದ್ರೂ ಆಯ್ತು. ಕೇಳಿಸ್ಕೊಂಡು ಹೇಳಿದ್ರೆ ಸಾಕು, ಸಲೀಸಾಗಿ ಪಾಸು. ಪರೀಕ್ಷೆಗೆ ಹೆಸರು ಕಳಿಸೋ ಹೊತ್ತು ಬಂತು. ಏನಂತೀರಾ?"

"ನೀವು ಅದೇ ಒಳ್ಳೇದು ಅಂತೀರಾ ಸಾರ್?"

"ನನ್ನ ಮಗಳಾಗಿದ್ರೂ ಅದನ್ನೇ ಮಾಡ್ತಿದ್ದೆ."

ಮಗಳು ಫೇಲಾಗಿ ಬೀದಿಯವರ ಬಾಯಿಗೆ ಬೀಳಬಾರದು ಎಂಬುದಷ್ಟೇ ಮರಿಸ್ವಾಮಿಯ ಆಸೆ. "ಅಂಗಾರೆ ಅಂಗೇ ಮಾಡ್ಬುಡಿ ಸಾರ್," ಎಂದು ಎದ್ದು ಕೈ ಮುಗಿದ.

ಸಂಜೆ ಮೊಪೆಡ್‌ನಲ್ಲಿ ಮನೆಗೆ ಹೋಗುವಾಗ ಗಗನ ಎಂದಿನ ಹಾಗೆ ಅಪ್ಪನ ಭುಜ ಹಿಡಿದು ಕೂತಿದ್ದಳು. ಗೋಡಂಬಿ, ಟ್ಯೂಬು, ದಪ್ಪ ಗೋಡೆ ಎಂದು ಅವನ ಕಿವಿಗೆ ಒಂದೇ ಸಮನೆ ಹೇಳುತ್ತಿದ್ದಳು. ಅವಳ ಮಾತು ಹೆಚ್ಚಿದಷ್ಟೂ ಮರಿಸ್ವಾಮಿಗೆ ಕಸಿವಿಸಿ ಹೆಚ್ಚಿತು. ಸಿಗ್ನಲ್ಲಿನಲ್ಲಿ ನಿಂತಾಗ ಒಂದೇ ಉಸಿರಿಗೆ ಹೇಳಿಬಿಟ್ಟ.

"ಇನ್ನು ಅದೆಲ್ಲ ತಲೆ ಕೆಡಿಸ್ಕೊಬೇಡ ಕಣವ್ವ. ಸೈನ್ಸು ಬ್ಯಾಡ ಅಂತ ಎಚ್ಚೆಮ್ ಸಾರಿಗೆ ಒಪ್ಕೊಂಡ್ಬಂದಿವ್ನಿ. ಬೇರೆ ಸುಲಭದ್ದು ಕೊಡ್ತಾರಂತೆ."

ಗಗನ ಭುಜದ ಮೇಲಿನ ಕೈ ತೆಗೆದಳು. ಹಿಂದಿನ ಕ್ಯಾರಿಯರ್ ಹಿಡಿದುಕೊಂಡಳು. ಮನೆ ಬರುವವರೆಗೆ ಮತ್ತೆ ಮುಟ್ಟಲಿಲ್ಲ.

ಮನೆಯಲ್ಲಿ ಅವಳ ಅವ್ವ ಚಾಮುಂಡೇಶ್ವರಿ ಆಗಷ್ಟೇ ಬಂದಿದ್ದಳು. ಸರಸ್ವತಿಪುರಂನ ವಿದ್ಯಾರ್ಥಿಗಳ ಮೆಸ್ಸೊಂದರಲ್ಲಿ ಚಪಾತಿ ಮಾಡುವ ಕೆಲಸ ಅವಳದು. ಮಗಳು ಮಾತಿಲ್ಲದೆ ಒಳಗೆ ಹೋದದ್ದು ನೋಡಿ ಗಂಡನಿಂದ ವಿಷಯ ತಿಳಿದುಕೊಂಡಳು.

"ಅವಳನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಒಪ್ತಿರ್ಲಿಲ್ಲ."

"ಅದುಕ್ಕೇ ಕೇಳ್ಬೇಕಾಗಿತ್ತು," ಎಂದು ಚಾಮುಂಡೇಶ್ವರಿ ಸೌದೆ ಮುರಿದ ಹಾಗೆ ಹೇಳಿ ಕೈಕಾಲು ತೊಳೆಯಲು ಹೋದಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಗಗನ ಅಂಗಡಿಗೆ ಬಂದು, ಎಂದಿನ ಜಾಗದಲ್ಲಿ, ಒಂದರ ಮೇಲೊಂದು ಪೇರಿಸಿದ ಹಳೇ ಟೈರುಗಳ ಮೇಲೆ ಕೂತಳು. ಅಪ್ಪನ ಕಡೆ ಮುಖ ಮಾಡದೆ, "ಎರಡು ಹಳೇ ಸೈಕಲ್ ಟ್ಯೂಬು ಬೇಕು," ಎಂದಳು. ಮಾತಾಡಿದಳಲ್ಲ ಎಂಬ ಸಮಾಧಾನಕ್ಕೆ ಮರಿಸ್ವಾಮಿ ಯಾಕೆ ಎಂದು ಕೂಡ ಕೇಳದೆ ಕೊಕ್ಕೆಯಿಂದ ಎರಡು ತೆಗೆದುಕೊಟ್ಟ.

"ಇಷ್ಟುದ್ದಕ್ಕೆ ಕುಯ್ಯಿ. ಗಾಳಿ ಹೊಡೆಯೋ ವಾಲು ಇರೋ ಭಾಗನೇ ಇರ್ಲಿ. ಎರಡು ತುದೀನೂ ಬಿಗಿಯಾಗಿ ಕಟ್ಟು. ಒಂದೇ ಪಕ್ಕಕ್ಕೆ ಉದ್ದಕ್ಕೂ ಪ್ಯಾಚು ಹಾಕು."

"ತೂತೇ ಇಲ್ವಲ್ಲವ್ವ, ಪ್ಯಾಚು ಯಾಕೆ?"

"ಗೋಡೆ ದಪ್ಪ ಮಾಡಕ್ಕೆ."

ಅವನು ಉಪ್ಪು ಕಾಗದದಿಂದ ರಬ್ಬರು ಉಜ್ಜಿದ. ಅವಳು ಬೆರಳಲ್ಲಿ ಸಲ್ಯೂಷನ್ ಸವರಿದಳು. ಅಂಟು ಆರುವ ತನಕ ಇಬ್ಬರೂ ಕಾದರು. ರಸ್ತೆಯಲ್ಲಿ ಬಸ್ಸುಗಳು ಹಾಯುತ್ತಿದ್ದವು. ಆಮೇಲೆ ಮರಿಸ್ವಾಮಿ ಕಾಲಲ್ಲಿ ಒತ್ತಿ ಹಿಡಿದು ಪಂಪು ಹೊಡೆದ. ಗಗನಳ ಎರಡೂ ಕೈ ಟ್ಯೂಬಿನ ಮೇಲಿತ್ತು. ಸ್ವಲ್ಪ ಹೊತ್ತು ಅದು ಎಲ್ಲ ಕಡೆ ಸಮನಾಗಿ ಉಬ್ಬಿತು. ಆಮೇಲೆ ಒಂದು ಕಡೆ ಮಾತ್ರ ಸೋರೆಕಾಯಿಯ ಹಾಗೆ ಊದತೊಡಗಿತು.

"ಕೈ ತೆಗಿ, ಕೈ ತೆಗಿ!" ಎಂದು ಮರಿಸ್ವಾಮಿ ಕೂಗುವಷ್ಟರಲ್ಲಿ ಅದು ಢಬ್ ಎಂದು ಒಡೆಯಿತು. ಪಕ್ಕದ ಟೀ ಅಂಗಡಿಯವರೆಲ್ಲ ಎದ್ದು ನಿಂತರು.

ರಬ್ಬರು ಬಡಿದು ಗಗನಳ ಕೆನ್ನೆ ಕೆಂಪಾಗಿತ್ತು. ಅವಳು ಒಡೆದ ರಬ್ಬರನ್ನು ಎತ್ತಿ ಹರಿದ ಅಂಚನ್ನು ಬೆರಳಿನಿಂದ ತಡವಿದಳು. "ಬಾಗ್ಲಿಲ್ಲ," ಎಂದಳು. ಅಷ್ಟೇ. ಅವಳಿಗೆ ಅಳು ಬಂದಿದೆ ಎಂದು ಮರಿಸ್ವಾಮಿಗೆ ಗೊತ್ತಾಯಿತು. ಅವಳು ಅಳುವುದಿಲ್ಲ ಎಂದೂ ಗೊತ್ತಿತ್ತು.

ಮರುದಿನ ಶಾಲೆಯಲ್ಲಿ ಅವಳು ಪ್ರೇಮಲೀಲಾ ಮಿಸ್ಸಿಗೆ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಒಪ್ಪಿಕೊಂಡು ಬಂದದ್ದನ್ನೂ ಸೇರಿಸಿ. ಶಾಲೆ ಬಿಟ್ಟ ಮೇಲೆ ಮಿಸ್ ಅವಳನ್ನು ತರಗತಿಯಲ್ಲೇ ಉಳಿಸಿಕೊಂಡರು. ಕೈಚೀಲದಿಂದ ಒಂದು ಪುಸ್ತಕ ತೆಗೆದರು. ಅವರು ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಓದುವಾಗಿನದು. ಹಾಳೆಗಳಿಂದ ಅಟ್ಟದ ವಾಸನೆ ಬರುತ್ತಿತ್ತು. ಕೆಲಸದವರು ಕೋಣೆ ಗುಡಿಸಲು ಬರುವ ತನಕ ಇಬ್ಬರೂ ಅಲ್ಲೇ ಕೂತರು. ಮಿಸ್ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು.

"ಸಿಕ್ತು ನೋಡು. ದಪ್ಪ ಗೋಡೆ ಒಂದೇ ಸಾಲದು. ಆ ಜೀವಕೋಶದ ಮೈ ಸುತ್ತ ಸಣ್ಣ ಸಣ್ಣ ನಾರು ಬಳೆ ಥರ ಸುತ್ತಿಕೊಂಡಿರುತ್ತವೆ. ಪೀಪಾಯಿಗೆ ಪಟ್ಟಿ ಹೊಡೆದಿರ್ತಾರಲ್ಲ, ಹಾಗೆ. ಅದರಿಂದ ಅದು ಅಡ್ಡಕ್ಕೆ ಊದೋಕಾಗಲ್ಲ."

"ಅಡ್ಡಕ್ಕೆ ಊದಕ್ಕಾಗ್ದೇ ಇದ್ರೆ ಉದ್ದ ಆಗ್ಬೇಕು," ಎಂದಳು ಗಗನ ನಿಧಾನವಾಗಿ.

"ಹೂಂ."

"ಒಂದು ಪಕ್ಕ ದಪ್ಪ. ಅದು ಉದ್ದ ಆಗಲ್ಲ. ಇನ್ನೊಂದು ಪಕ್ಕ ಆಯ್ತದೆ..." ಅವಳ ತೋರುಬೆರಳು ತಾನಾಗಿ ಬಾಗಿತು. "ಮಿಸ್! ಬಾಗದೆ ಅದುಕ್ಕೆ ಬೇರೆ ದಾರೀನೇ ಇಲ್ಲ!"

ಪ್ರೇಮಲೀಲಾ ಮಿಸ್ ಪುಸ್ತಕ ಮುಚ್ಚಿ ಅವಳನ್ನೇ ನೋಡಿದರು. "ಇಲ್ಲ," ಎಂದರು. "ಬೇರೆ ದಾರಿ ಇಲ್ಲ."

ಭಾನುವಾರ ಅಂಗಡಿಗೆ ಚಾಮುಂಡೇಶ್ವರಿಯೂ ಬಂದಳು. ಒಡೆಯುವುದಾದರೆ ತನ್ನ ಕಣ್ಣೆದುರೇ ಒಡೆಯಲಿ ಎಂದಳು. ಮರಿಸ್ವಾಮಿ ಹೊಸದಾಗಿ ಎರಡು ತುಂಡು ಕತ್ತರಿಸಿ, ಪ್ಯಾಚು ಅಂಟಿಸಿ, ತುದಿ ಕಟ್ಟಿದ. ಅವುಗಳ ಮೈಗೆ ನೈಲಾನ್ ದಾರ ಸುತ್ತುವ ಕೆಲಸ ಗಗನಳದು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಬೆರಳಿನ ಅಗಲ ಬಿಟ್ಟು, ಅಂಟು ಹಚ್ಚಿ, ಎಳೆದು ಗಂಟು ಹಾಕುತ್ತ ಹೋದಳು. ಮಧ್ಯಾಹ್ನವಾಯಿತು. ಚಾಮುಂಡೇಶ್ವರಿ ಡಬ್ಬಿಯಿಂದ ಮುದ್ದೆ ಮುರಿದು ಸಾರಿಗೆ ಅದ್ದಿ ಮಗಳ ಬಾಯಿಗೆ ಇಟ್ಟಳು. ಗಗನ ಕೈ ಬಿಡದೆ ನುಂಗಿದಳು.

ಎರಡನ್ನೂ ಪ್ಯಾಚಿನ ಪಕ್ಕ ಎದುರುಬದುರಾಗಿ ಇಟ್ಟು, ತುದಿಗಳನ್ನು ಜೋಡಿಸಿ ಕಟ್ಟಿದರು. ಈಗ ಅವು ಒಂದನ್ನೊಂದು ಅಂಟಿಕೊಂಡು ಮಲಗಿದ್ದವು. ಮರಿಸ್ವಾಮಿ ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ, ಹೀಗೆ ಬದಲಿಸುತ್ತ ಗಾಳಿ ಹೊಡೆದ. ರಬ್ಬರು ಗಡುಸಾಯಿತು. ದಾರದ ಬಳೆಗಳು ಬಿಗಿದವು. ಸೋರೆಕಾಯಿ ಆಗಲಿಲ್ಲ.

"ಇನ್ನೊಂಚೂರು," ಎಂದಳು ಗಗನ.

"ಒಡೆದೋಯ್ತದೆ ಕಣವ್ವ."

"ಒಡೆಯಲ್ಲ. ಹೊಡಿ."

ಅವನು ಹೊಡೆದ. ಅವಳ ಬೆರಳುಗಳ ಕೆಳಗೆ ಎರಡೂ ಟ್ಯೂಬುಗಳ ಬೆನ್ನು ನಿಧಾನವಾಗಿ ಹೊರಕ್ಕೆ ಏರಿತು. ಬಿಲ್ಲು ಬಗ್ಗಿದ ಹಾಗೆ. ಅಂಟಿಕೊಂಡಿದ್ದ ಹೊಟ್ಟೆಗಳು ಮಧ್ಯದಲ್ಲಿ ಬಿಟ್ಟುಕೊಂಡವು. ಮೊದಲು ಅವಳ ಕಿರುಬೆರಳು ತೂರಿತು, ಆಮೇಲೆ ಎರಡು ಬೆರಳು, ಆಮೇಲೆ ಇಡೀ ಅಂಗೈ. ಅವಳು ಕೈಯನ್ನು ಆ ಸಂದಿನಲ್ಲಿ ಆಚೆಗೂ ಈಚೆಗೂ ಆಡಿಸಿದಳು.

"ತೆಗೀತು," ಎಂದಳು ಪಿಸುದನಿಯಲ್ಲಿ. ಆಮೇಲೆ ರಸ್ತೆಗೆಲ್ಲ ಕೇಳುವ ಹಾಗೆ, "ಅಪ್ಪಾ, ತೆಗೀತು!"

ಚಾಮುಂಡೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರಿಸ್ವಾಮಿಗೆ ಅದು ಏನು, ಎಲೆಯಲ್ಲಿ ಎಲ್ಲಿರುತ್ತದೆ ಎಂಬುದು ಇನ್ನೂ ಪೂರ್ತಿ ತಿಳಿದಿರಲಿಲ್ಲ. ಮಗಳೇ ಕೂರಿಸಿಕೊಂಡು ಹೇಳಿದಳು. ಎಲೆಯ ಅಡಿಯಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ, ಬೆಳಿಗ್ಗೆ ತೆಗೆಯುತ್ತವೆ, ಕತ್ತಲಾದರೆ ಮುಚ್ಚುತ್ತವೆ, ತೆಗೆದಾಗ ಗಾಳಿ ಒಳಗೆ ಬರುತ್ತದೆ, ನೀರು ಆವಿಯಾಗಿ ಹೊರಗೆ ಹೋಗುತ್ತದೆ.

"ಅಂದ್ರೆ ತೆಗೆದ್ರೆ ನೀರು ನಷ್ಟ. ಮುಚ್ಕೊಂಡು ಕೂತ್ರೆ ಊಟ ಇಲ್ಲ," ಎಂದ ಮರಿಸ್ವಾಮಿ.

"ಹೂಂ. ದಿನಾ ಅದೇ ಪಾಡು ಅದುಕ್ಕೆ."

ಅವನು ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡ. "ನಾನು ಸಾರಿಗೆ ಮಾತು ಕೊಟ್ಬುಟ್ಟಿವ್ನಲ್ಲವ್ವ."

"ನಾಳೆ ಬಂದು ಇಲ್ಲ ಅನ್ನು."

"ಫೇಲಾಗ್ಬುಟ್ರೆ?"

"ಆದ್ರೆ ನಾನ್ ಆಯ್ತೀನಿ. ಮತ್ತೆ ಬರೀತೀನಿ." ಗಗನ ಮುಖವನ್ನು ಅವನ ದನಿ ಬಂದ ಕಡೆಗೆ ತಿರುಗಿಸಿದಳು. "ಸುಲಭದ್ದು ಕೊಟ್ಟು ಪಾಸು ಮಾಡ್ಸಿದ್ರೆ, ಅದು ನೀವೆಲ್ಲ ಪಾಸಾದಂಗೆ, ನಾನಲ್ಲ."

ಚಾಮುಂಡೇಶ್ವರಿ ಡಬ್ಬಿ ಮುಚ್ಚುತ್ತ, "ಕೇಳಿಸ್ತಾ?" ಎಂದಳು ಗಂಡನಿಗೆ.

ಸೋಮವಾರ ಬೆಳಿಗ್ಗೆ ಮೊಪೆಡ್ಡಿನ ಮುಂದೆ ಗೋಣಿಚೀಲದಲ್ಲಿ ಟ್ಯೂಬು, ಎರಡು ಪಂಪು. ಹಿಂದೆ ಗಗನ, ಕೈ ಅಪ್ಪನ ಭುಜದ ಮೇಲೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಮರಿಸ್ವಾಮಿ ಈ ಸಲ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಅವನಿಗೆ ಮರೆತುಹೋದವು.

"ಸಾರ್, ನಾನು ಅವತ್ತು ಒಪ್ಕೊಂಡಿದ್ದು ನನ್ನ ಮಾತು. ಮಗಳದಲ್ಲ. ಅವಳು ಸೈನ್ಸೇ ಬರೀತಾಳೆ."

ಕುಮಾರಸ್ವಾಮಿ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯೋಚನೆ ಮಾಡಿ ಹೇಳ್ತಿದ್ದೀರಾ ಮರಿಸ್ವಾಮಿ? ಎಲೆ ಚಿತ್ರ ಬರಿ, ಭಾಗ ಗುರುತಿಸು ಅಂತಾರೆ. ಏನ್ಮಾಡ್ತಾಳೆ?"

ಬಾಗಿಲಲ್ಲಿ ನಿಂತಿದ್ದ ಪ್ರೇಮಲೀಲಾ ಮಿಸ್ ಒಳಗೆ ಬಂದರು. "ಇಂಥ ಮಕ್ಕಳಿಗೆ ಚಿತ್ರದ ಬದಲು ಬೇರೆ ಪ್ರಶ್ನೆ ಇರುತ್ತೆ ಸಾರ್. ಬರೆಯೋಕೆ ಒಬ್ಬರು ಜೊತೆಗಿರ್ತಾರೆ. ಆದ್ರೆ ಎಲೆ ವಿಷಯ ಅವಳನ್ನೇ ಕೇಳಿ. ತಂದಿದ್ದಾಳೆ."

"ಏನು ತಂದಿದ್ದಾಳೆ?"

"ಎಲೆ," ಎಂದಳು ಗಗನ ಹೊರಗಿನಿಂದ.

ತರಗತಿಯ ಮುಂದಿನ ಮೇಜಿನ ಮೇಲೆ ಟ್ಯೂಬುಗಳನ್ನು ಇಟ್ಟರು. ಒಂದು ಪಂಪಿಗೆ ಧನುಶ್ರೀ, ಇನ್ನೊಂದಕ್ಕೆ ಮರಿಸ್ವಾಮಿ. ಮಕ್ಕಳು ಬೆಂಚುಗಳ ಮೇಲೆ ಹತ್ತಿ ನಿಂತರು. ಕುಮಾರಸ್ವಾಮಿ ಸಾರ್ ಕೈ ಕಟ್ಟಿಕೊಂಡು, ಮಗುವೊಂದು ಪದ್ಯ ಹೇಳುವುದನ್ನು ಕೇಳಲು ಬಂದವರ ಹಾಗೆ ನಗುಮುಖದಿಂದ ನಿಂತಿದ್ದರು.

"ಸಾರ್, ಕಣ್ಣು ಮುಚ್ಕೊಳಿ," ಎಂದಳು ಗಗನ.

"ನಾನಾ?"

"ನೋಡಿದ್ರೆ ಗೊತ್ತಾಗಲ್ಲ. ಮುಟ್ಬೇಕು."

ಅವರು ಕಣ್ಣು ಮುಚ್ಚಿದರು. ಗಗನ ಅವರ ಬೆರಳು ಹಿಡಿದು ಎರಡು ಟ್ಯೂಬುಗಳ ನಡುವೆ ಇಟ್ಟಳು. "ಇದು ಸಂದು. ಈಗ ರಾತ್ರಿ. ಮುಚ್ಕೊಂಡದೆ. ತೂರಿಸಿ ನೋಡಿ."

"ತೂರ್ತಿಲ್ಲ."

"ಈಗ ಬೆಳಕು ಬಂತು. ಧನು, ಹೊಡಿ. ಬೆಳಕು ಬಿದ್ದ ತಕ್ಷಣ ಈ ಜೀವಕೋಶ ಸುತ್ತಮುತ್ತಲಿಂದ ಪೊಟ್ಯಾಸಿಯಂ ಒಳಕ್ಕೆ ಎಳ್ಕೊಳ್ತದೆ. ಉಪ್ಪಿನ ಥರ ಅದು. ಸೌತೆಕಾಯಿಗೆ ಉಪ್ಪು ಸವರಿದ್ರೆ ನೀರು ಉಪ್ಪಿನ ಕಡೆಗೆ ಬರ್ತದಲ್ಲ ಸಾರ್, ಅಂಗೇ ಇದರ ಹಿಂದೆ ನೀರು ಬರ್ತದೆ. ನಾವು ನೀರಿನ ಬದಲು ಗಾಳಿ ಹಾಕ್ತಾ ಇದೀವಿ. ದಾರ ಇದೆಯಲ್ಲ, ಅದು ನಾರು. ಅಡ್ಡಕ್ಕೆ ಊದಕ್ಕೆ ಬಿಡಲ್ಲ. ಒಳಗಡೆ ಪ್ಯಾಚು ದಪ್ಪಗದೆ, ಅದು ಉದ್ದ ಆಗಲ್ಲ. ಹೊರಗಡೆದು ಉದ್ದ ಆಯ್ತದೆ. ಅದುಕ್ಕೆ..."

ಕುಮಾರಸ್ವಾಮಿ ಸಾರ್ ಮುಖದ ನಗು ಬದಲಾಯಿತು. ಕಣ್ಣು ಮುಚ್ಚಿಯೇ ಇತ್ತು. ಅವರ ಬೆರಳು ಮೊದಲು ಗೆಣ್ಣಿನ ತನಕ, ಆಮೇಲೆ ಪೂರ್ತಿ ಒಳಗೆ ಹೋಗಿತ್ತು. ಇನ್ನೊಂದು ಕೈಯನ್ನೂ ಅವರು ತಾವಾಗಿ ತಂದು ಟ್ಯೂಬಿನ ಬೆನ್ನ ಮೇಲಿಟ್ಟರು.

"ಬೆಳಕು ಬಂದಿದ್ದು ಅದಕ್ಕೆ ಹೆಂಗಮ್ಮ ಗೊತ್ತಾಗುತ್ತೆ?" ಎಂದು ಕೇಳಿದರು. ಈ ಸಲ ಅವರು ನಿಜವಾಗಿ ಕೇಳುತ್ತಿದ್ದರು.

"ಎಲೆಗೇನು ಕಣ್ಣಿಲ್ಲ ಸಾರ್. ಬೆಳಕು ಬಂತು, ಹೋಯ್ತು, ಅಷ್ಟು ಗೊತ್ತಾಗ್ತದೆ. ನಂಗೂ ಅಷ್ಟೇ ಗೊತ್ತಾಗೋದು. ಅಷ್ಟರಲ್ಲೇ ಅದು ಇಡೀ ಮರಕ್ಕೆ ಊಟ ಹಾಕ್ತದೆ."

ಪ್ರೇಮಲೀಲಾ ಮಿಸ್ ಕಿಟಕಿಯ ಕಡೆ ತಿರುಗಿಕೊಂಡರು.

"ಸರಿ," ಎಂದರು ಸಾರ್. "ಹಾಗಿದ್ರೆ ಬೇಸಿಗೆಯ ಮಧ್ಯಾಹ್ನ ಎಷ್ಟು ಬೆಳಕಿರುತ್ತೆ. ಆಗ ಪೂರ್ತಿ ತೆಗೆದಿರಬೇಕಲ್ಲ?"

"ಇರಲ್ಲ ಸಾರ್. ನೀರು ಕಮ್ಮಿ ಆಗಿರ್ತದೆ. ಬೇರಿಂದ ಬರೋದಕ್ಕಿಂತ ಬಾಗಿಲಿಂದ ಹೋಗೋದೇ ಜಾಸ್ತಿ ಆದ್ರೆ ಗಿಡ ಒಳಗೇ ಒಂದು ಸುದ್ದಿ ಕಳಿಸ್ತದೆ. ಕಾವಲು ಜೀವಕೋಶ ನೀರು ಬಿಟ್ಬುಡ್ತದೆ. ಬೆಳಕಿದ್ರೂ ಮುಚ್ತದೆ. ಅವತ್ತಿನ ಊಟಕ್ಕಿಂತ ಜೀವ ಮುಖ್ಯ ಅಂತ." ಹೇಳುತ್ತಲೇ ಅವಳು ಎರಡೂ ವಾಲುಗಳನ್ನು ಸಡಿಲಿಸಿದಳು. ಗಾಳಿ ಬುಸ್ಸೆಂದು ಹೊರಟಿತು. ಟ್ಯೂಬುಗಳು ಸಪ್ಪಗಾಗಿ ಒಂದರ ಕಡೆಗೊಂದು ಬಂದು ಸಾರ್ ಬೆರಳನ್ನು ಮೆತ್ತಗೆ ಅಪ್ಪಿಕೊಂಡವು.

"ಅಯ್ಯೋ, ನನ್ನ ಬೆರಳು!"

"ಮಧ್ಯಾಹ್ನ ಆಯ್ತು ಸಾರ್."

ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕುಮಾರಸ್ವಾಮಿ ಸಾರ್. ಕಣ್ಣು ಬಿಟ್ಟು, ಬೆರಳು ಎಳೆದುಕೊಂಡು ಮರಿಸ್ವಾಮಿಯ ಕಡೆ ನೋಡಿದರು. ಪಂಪಿನ ಹಿಡಿ ಇನ್ನೂ ಕೈಯಲ್ಲೇ ಹಿಡಿದು, ಎದೆ ಸೆಟೆಸಿ ನಿಂತಿದ್ದ ಆ ಮನುಷ್ಯನನ್ನು ತಾವು ಮೊದಲ ಸಲ ನೋಡುತ್ತಿದ್ದಂತೆ.

"ನಿಮ್ಮ ಮಗಳು ಸೈನ್ಸೇ ಬರೀಲಿ," ಎಂದರು. "ಇದನ್ನ ಇಲ್ಲೇ ಬಿಟ್ಟು ಹೋಗಿ. ಒಂಬತ್ತನೇ ಕ್ಲಾಸಿಗೂ ತೋರಿಸ್ಬೇಕು."

"ನಾನೇ ತೋರಿಸ್ತೀನಿ," ಎಂದಳು ಗಗನ.

ಆ ವರ್ಷ ಅವಳ ಕೈಗೆ ಸಿಕ್ಕ 'ಚಿತ್ರ ನೋಡಿ'ಗಳೆಲ್ಲ ಅಂಗಡಿಯಲ್ಲಿ ಒಂದೊಂದಾಗಿ ರೂಪ ಪಡೆದವು. ಹೃದಯಕ್ಕೆ ನಾಲ್ಕು ಕೋಣೆ ಬಂದದ್ದು ಚಾಮುಂಡೇಶ್ವರಿಯ ಚಪಾತಿ ಹಿಟ್ಟಿನಲ್ಲಿ. ವಿದ್ಯುತ್ತಿನ ಮಂಡಲಕ್ಕೆ ಮರಿಸ್ವಾಮಿ ತಂತಿ ಬಾಗಿಸಿಕೊಟ್ಟ. ಎಲ್ಲವೂ ಸರಿ ಬರಲಿಲ್ಲ. ಕನ್ನಡಿ, ಮಸೂರಗಳ ಪಾಠದಲ್ಲಿ ಗಗನ ವಾರಗಟ್ಟಲೆ ಒದ್ದಾಡಿದಳು. ಕಿರುಪರೀಕ್ಷೆಯೊಂದರಲ್ಲಿ ನಪಾಸೂ ಆದಳು. ಮಾರನೆಯ ಸಂಜೆ ಮರಿಸ್ವಾಮಿ ಬೆಳಕಿನ ಕಿರಣಗಳಿಗೆಂದು ಸೈಕಲ್ ಚಕ್ರದ ಹಳೇ ಕಡ್ಡಿಗಳನ್ನು ಕಟ್ಟು ಕಟ್ಟಿ ಇಟ್ಟಿದ್ದ.

ವಿಜ್ಞಾನದ ಪರೀಕ್ಷೆಯ ದಿನ ಬಿಸಿಲು ಜೋರಿತ್ತು. ಪರೀಕ್ಷಾ ಕೇಂದ್ರ ಬಿದ್ದದ್ದು ಕೃಷ್ಣಮೂರ್ತಿಪುರಂನಲ್ಲಿ. ಗಗನ ಹೇಳಿದ್ದನ್ನು ಬರೆಯಲು ಒಂಬತ್ತನೇ ತರಗತಿಯ ಸುಷ್ಮಿತಾ ಎಂಬ ಹುಡುಗಿಯನ್ನು ಗೊತ್ತುಮಾಡಿದ್ದರು. ಮರಿಸ್ವಾಮಿ ಅಂಗಡಿ ಮುಚ್ಚಿ ಬಂದು ಗೇಟಿನ ಎದುರು ಹೊಂಗೆಯ ನೆರಳಲ್ಲಿ ನಿಂತಿದ್ದ. ಹೊತ್ತು ಮುಗಿದು ಮಕ್ಕಳೆಲ್ಲ ಹೊರಬಂದರು. ಕಾಯುತ್ತಿದ್ದ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಹೊರಟರು. ಗಗನಳಿಗೆ ಬೇರೆಯವರಿಗಿಂತ ಹೆಚ್ಚು ಸಮಯ ಇದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಖಾಲಿ ಗೇಟನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು.

ಬಾಟಲಿಯ ನೀರು ಕುಡಿಯುತ್ತಿದ್ದ ಇನ್ನೊಬ್ಬ ತಂದೆ ಕೇಳಿದ. "ನಿಮ್ಮ ಮಗಳು ಇನ್ನೂ ಬಂದಿಲ್ವಾ?"

"ಇಲ್ಲ ಸಾರ್. ಅವಳದು ಇನ್ನೂ ಬರೆಯೋದು ಅದೆ," ಎಂದ ಮರಿಸ್ವಾಮಿ. ಆಮೇಲೆ, ಅವನು ಕೇಳದಿದ್ದರೂ, "ಸೈನ್ಸು," ಎಂದು ಸೇರಿಸಿದ.

ಕೊನೆಗೆ ಇಬ್ಬರೂ ಬಂದರು. ಮೆಟ್ಟಿಲಿನ ಹತ್ತಿರ ನಿಂತುಬಿಟ್ಟರು. ಅಷ್ಟು ದೂರದಿಂದಲೇ ಸುಷ್ಮಿತಾ ಕೂಗಿದಳು. "ಅಂಕಲ್, ಅಕ್ಕ ನಿಲ್ಲಿಸೋದೇ ಇಲ್ಲ! ಹೇಳ್ತಾನೇ ಇರ್ತಾರೆ. ನನ್ನ ಕೈ ಬಿದ್ದೋಯ್ತು."

"ಎಲೆದು ಬಂದಿತ್ತಾ?" ಎಂದು ಮರಿಸ್ವಾಮಿ ಗೇಟಿನಿಂದಲೇ ಕೂಗಿ ಕೇಳಿದ.

"ಅದನ್ನ ಕೇಳ್ಲೇ ಇಲ್ಲ ಅಪ್ಪ," ಎಂದು ಗಗನ ನಕ್ಕಳು. "ಬೇರೆದು ಬಂದಿತ್ತು. ಬರೆಸ್ದೆ."

ಅವಳು ಮೆಟ್ಟಿಲ ಮೇಲೆ ಕೂತು ಸುಷ್ಮಿತಾಳನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಆ ಹುಡುಗಿಯ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಶಾಯಿ ಹತ್ತಿದ ಬೆರಳುಗಳನ್ನು ಹೆಬ್ಬೆರಳಿನಿಂದ ಆರಂಭಿಸಿ ಒಂದೊಂದಾಗಿ ಒತ್ತತೊಡಗಿದಳು. ಮರಿಸ್ವಾಮಿ ಮೊಪೆಡ್ಡಿನ ಸ್ಟ್ಯಾಂಡು ತೆಗೆದವನು ಮತ್ತೆ ಹಾಕಿದ. ಅವಸರವೇನೂ ಇರಲಿಲ್ಲ.